ಅಕ್ಕ ಕೈ ಕಟ್ಟಿ ಕೂತ ದಿನ

ಸರ್ಕಾರದ ಡಾಕ್ಟರು ಐದು ಚಿತ್ರಗಳಿದ್ದ ರಟ್ಟೊಂದನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ಗುಂಪಿಗೆ ಸೇರದೇ ಇರೋದು ಯಾವುದು, ಹೇಳಿ ನೋಡೋಣ" ಎಂದರು. ಸಾಹೇಬ ರಟ್ಟನ್ನು ನೋಡಲೇ ಇಲ್ಲ. ಡಾಕ್ಟರ ಭುಜದಾಚೆ, ಗೋಡೆಗೊರಗಿ ಬೆಂಚಿನ ಮೇಲೆ ಕೂತಿದ್ದ ಅಕ್ಕನ ಕಡೆಗೊಮ್ಮೆ ಕಣ್ಣು ಹಾಯಿಸಿ, ಭಾರಿ ಯೋಚನೆ ಮಾಡುವವನ ಹಾಗೆ ಹುಬ್ಬು ಗಂಟಿಕ್ಕಿ, "ಮೂರನೇದು" ಎಂದ.

"ಸರಿಯಾಗಿದೆ" ಎಂದು ಡಾಕ್ಟರು ಗೀಚಿಕೊಂಡರು.

ಅಕ್ಕ ಆಗ ತನ್ನ ಮಡಿಲ ಕಡೆ ನೋಡಿಕೊಂಡಳು. ಎಡಗೈಯ ಮೂರು ಬೆರಳುಗಳು ಮೊಣಕಾಲಿನ ಮೇಲೆ ನೆಟ್ಟಗೆ ಚಾಚಿಕೊಂಡಿದ್ದವು.

ಈ ಪರೀಕ್ಷೆಯಲ್ಲಿ ಅವಳ ತಮ್ಮ ಸಾಹೇಬ ತಪ್ಪು ಉತ್ತರ ಹೇಳಿದರೆ ಬದುಕುತ್ತಿದ್ದ, ಸರಿ ಉತ್ತರ ಹೇಳಿದರೆ ಸಾಯುತ್ತಿದ್ದ. ವಿಷಯ ಇಷ್ಟೇ. ಕೆಳಗಿನ ಕೋರ್ಟು ಕೊಲೆ ಕೇಸಿನಲ್ಲಿ ಅವನಿಗೆ ಗಲ್ಲು ಶಿಕ್ಷೆ ಕೊಟ್ಟಾಗಿತ್ತು. ಆದರೆ ಹುಟ್ಟಿನಿಂದ ಬುದ್ಧಿ ಬೆಳೆಯದವನನ್ನು ನೇಣಿಗೆ ಹಾಕುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಸಾಹೇಬ ಅಂಥವನು ಹೌದೋ ಅಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಮೇಲಿನ ಕೋರ್ಟು ಕೈಗೆತ್ತಿಕೊಂಡು, ಪರೀಕ್ಷೆ ಮಾಡಿ ಬನ್ನಿ ಎಂದು ಈ ಡಾಕ್ಟರನ್ನು ಜೈಲಿಗೆ ಕಳಿಸಿತ್ತು. ಅಕ್ಕ ಪಕ್ಕದಲ್ಲಿಲ್ಲದೆ ಸಾಹೇಬ ಕುರ್ಚಿಯ ಮೇಲೆ ಕೂರಲೊಲ್ಲ. ಎರಡು ಸಲ ಎದ್ದು ಬಾಗಿಲಿಗೆ ಹೋಗಿ ನಿಂತ. ಬೇಸತ್ತ ಡಾಕ್ಟರು, "ಆಯ್ತು, ಅಕ್ಕನ್ನ ಕರೆಸಿ, ಆದರೆ ತುಟಿ ಬಿಚ್ಚಬಾರದು" ಎಂದಿದ್ದರು. ಅಕ್ಕ ತುಟಿ ಬಿಚ್ಚಿರಲಿಲ್ಲ. ತುಟಿಯ ಮಾತು ಬೇರೆ, ಕೈಯ ಮಾತು ಬೇರೆ.

ಯಾವಾಗಿನಿಂದ ನಡೆದಿದೆ ಇದು? ಅಕ್ಕ ಹಿಂದಕ್ಕೆ ನೆನಪಿಸಿಕೊಂಡಳು. ವರ್ಷಕ್ಕೆ ಎಷ್ಟು ತಿಂಗಳು ಎಂದು ಕೇಳಿದಾಗ ಬೆರಳು ಮಡಚಿ ಬಿಚ್ಚಿದ್ದು ನಿಜ. ಕಬ್ಬಿಣ ನೀರಿನಲ್ಲಿ ತೇಲುತ್ತದೆಯೇ ಎಂದಾಗ ಮೂಗು ಸವರಿಕೊಂಡಿದ್ದು ನಿಜ. ಅಂದರೆ ಮೊದಲಿನಿಂದಲೂ! ಸಾಹೇಬನ ಕಡೆಯ ವಕೀಲೆ ಗಿಣಿಗೆ ಹೇಳಿದ ಹಾಗೆ ಹೇಳಿದ್ದರು: "ನೀವು ಕಲ್ಲಿನ ಥರ ಕೂತ್ಕೋಬೇಕಮ್ಮ, ಅಷ್ಟೇ ನಿಮ್ಮ ಕೆಲಸ." ಕಲ್ಲಿನ ಥರವೇ ಕೂತಿದ್ದೇನೆ ಎಂದು ಅವಳೂ ನಂಬಿದ್ದಳು. ಕೈ ಮಾತ್ರ ಯಾರ ಮಾತೂ ಕೇಳದೆ ತನ್ನ ಪಾಡಿಗೆ ತಾನು ದುಡಿದಿತ್ತು.

ಅವಳು ಎರಡೂ ಕೈಗಳನ್ನು ತೊಡೆಯಡಿಗೆ ತುರುಕಿಕೊಂಡಳು. ಮುಂದಿನ ಪ್ರಶ್ನೆಗೆ ಸಾಹೇಬ ಅವಳತ್ತ ನೋಡಿದ, ಮತ್ತೆ ನೋಡಿದ, ನಕ್ಕ. ಡಾಕ್ಟರು ಗಡಿಯಾರ ನೋಡಿಕೊಂಡು, "ಸುಸ್ತಾಯ್ತೇನೋ, ಸಾಕು ಬಿಡಿ" ಎಂದು ಹಾಳೆಗಳನ್ನು ಚೀಲಕ್ಕೆ ಸೇರಿಸತೊಡಗಿದರು. ಅಕ್ಕ ಎದ್ದು ನಿಂತಳು. ಡಾಕ್ಟ್ರೇ, ಹೇಳಿದ್ದು ಅವನಲ್ಲ, ನಾನು. ಇಷ್ಟೇ ಹೇಳಬೇಕಿತ್ತು. ಆದರೆ ಎದುರಿಗೆ ಸಾಹೇಬ ಬೆನ್ನು ನೆಟ್ಟಗೆ ಮಾಡಿಕೊಂಡು, ಬಹುಮಾನ ಗೆದ್ದವನ ಮುಖ ಹೊತ್ತು ಕೂತಿದ್ದ. ಅವನ ಎದುರಿಗೆ ಆ ಮಾತು ಆಡಬೇಕಲ್ಲ! ಡಾಕ್ಟರು, "ಪರವಾಗಿಲ್ಲಮ್ಮ, ನಿಮ್ಮ ತಮ್ಮ ಚುರುಕಾಗಿದ್ದಾರೆ" ಎಂದು ಹೊರಟೇಬಿಟ್ಟರು. ಗಾರ್ಡು ಬಾಗಿಲು ಹಾಕಿದ.

ಸಾಹೇಬ ಎಂಬುದು ಬೀದಿಯವರು ಇಟ್ಟ ಹೆಸರು. ಇಸ್ತ್ರಿ ಹಾಕಿದ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ವಾಚು, ಕಂಕುಳಲ್ಲಿ ಮಡಚಿದ ಪೇಪರು ಇಟ್ಟುಕೊಂಡು ಬೆಳಗ್ಗೆ ಹೊರಟನೆಂದರೆ ದೊಡ್ಡ ಆಫೀಸಿನ ಯಜಮಾನನೇ ಎನ್ನಬೇಕು. ಹೋಗುತ್ತಿದ್ದದ್ದು ಮಾತ್ರ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಗೆ. ಅಲ್ಲಿ ಅಕ್ಕ ಇಸ್ತ್ರಿ ಮಾಡುತ್ತಿದ್ದಳು, ಅವನು ಮಡಚುತ್ತಿದ್ದ. ಗಂಟೆ ಎಷ್ಟು ಎಂದು ಯಾರಾದರೂ ಕೇಳಿದರೆ ವಾಚಿನ ಕೈಯನ್ನೇ ಅವರ ಮೂಗಿನ ಹತ್ತಿರ ಹಿಡಿದು, "ನೀವೇ ನೋಡ್ಕೊಳ್ಳಿ" ಎನ್ನುತ್ತಿದ್ದ. ಪೇಪರಿನಲ್ಲಿ ಏನು ಸುದ್ದಿ ಎಂದರೆ, "ಏನಿದೆ ಬಿಡಿ, ಎಲ್ಲಾ ಅದೇ ಕಥೆ." ಇದಕ್ಕೆ ಎದುರು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ವಾಚು ಓದಲು ಬರದವನು, ಅಕ್ಷರ ಕೂಡಿಸಲು ಬರದವನು ಈ ಮನುಷ್ಯ ಎಂದರೆ ಬೀದಿಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ.

ಇದನ್ನೆಲ್ಲ ಕಲಿಸಿದವಳು ಅಮ್ಮ. ಅಮ್ಮ ಬಾಯಿ ಜೋರಿನ ಹೆಂಗಸು, ಕೈ ಅದಕ್ಕಿಂತ ಜೋರು. ಆ ಮನೆಯಲ್ಲಿ ಬಯ್ಗುಳಕ್ಕೇನೂ ಬರವಿರಲಿಲ್ಲ, ಆದರೆ ದಡ್ಡ ಎಂಬ ಒಂದು ಮಾತು ಮಾತ್ರ ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಒಮ್ಮೆ ಚಿಕ್ಕಪ್ಪ ಬಾಯಿ ತಪ್ಪಿ ಅಂದುಬಿಟ್ಟು, ಪೊರಕೆಯ ರುಚಿ ನೋಡಿ ಹೋದವನು ವರ್ಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. ಅಕ್ಕ ಶಾಲೆಯಲ್ಲಿ ಜಾಣೆ. ಆದರೂ ಅಮ್ಮ ಹೆಡ್ಮಾಸ್ತರ ಹತ್ತಿರ ಏನೇನೋ ನೆಪ ಹೇಳಿ ಅವಳನ್ನು ತಮ್ಮನ ತರಗತಿಗೇ ಇಳಿಸಿ ಕೂರಿಸಿದಳು. ಕಿವಿ ಮುಟ್ಟಿಕೊಂಡರೆ ಹೌದು, ಮೂಗು ಸವರಿದರೆ ಇಲ್ಲ, ಕತ್ತಿನ ಹಿಂದೆ ಕೈ ಹೋದರೆ ನಗು, ಮುಷ್ಟಿ ಕಟ್ಟಿದರೆ ಬಾಯಿ ಮುಚ್ಚು, ಲೆಕ್ಕಕ್ಕೆ ಬೆರಳು. ಅಡುಗೆಮನೆಯಲ್ಲಿ ಸಂಜೆಸಂಜೆ ತಾಲೀಮು. ಕಲಿಯದ ದಿನ ಇಬ್ಬರಿಗೂ ಏಟು. ಅಕ್ಕನ ಕೈ ಕಾಣದ ಕಡೆ ಏನು ಮಾಡಬೇಕು? ಅದಕ್ಕೂ ಅಮ್ಮನ ಬಳಿ ಮದ್ದಿತ್ತು: ಯಾರು ಏನೇ ಕೇಳಲಿ, ಹೂಂ ಅನ್ನು, ನಗು. ಹೂಂ ಅನ್ನುವವನ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಹೀಗಾಗಿ ಸಾಹೇಬ ಎತ್ತು ಈಯಿತು ಅಂದರೂ ಹೂಂ ಅನ್ನುವವನೇ, ಕೊಟ್ಟಿಗೆಗೆ ಕಟ್ಟು ಅಂದರೂ ಹೂಂ ಅನ್ನುವವನೇ.

ಅಮ್ಮ ಸತ್ತು ಆರೇಳು ವರ್ಷವಾಗಿತ್ತು. ಪದ್ಧತಿ ಮಾತ್ರ ಸತ್ತಿರಲಿಲ್ಲ. ಅಕ್ಕ ಮದುವೆಯ ಮಾತು ಬಂದಾಗಲೆಲ್ಲ ತಲೆ ಕೊಡವಿದಳು, ಏಕೆಂದರೆ ಎರಡು ಮನೆಯಲ್ಲಿ ಒಂದೇ ಕೈ ಇಡಲಾಗುವುದಿಲ್ಲ.

ಅವಳಿಗೆ ಜ್ವರ ಬಂದು ಮಲಗಿದ್ದ ದಿನ ಲಾಂಡ್ರಿಯ ವ್ಯಾನಿನ ಇಬ್ಬರು, "ಬನ್ನಿ ಸಾಹೇಬ್ರೇ, ಒಂದು ಕೆಲಸ ಇದೆ" ಎಂದು ಇವನನ್ನು ಬಟ್ಟೆ ಗೋದಾಮಿಗೆ ಕರೆದೊಯ್ದರು. ಕಳ್ಳತನ. ಕಾವಲುಗಾರ ಅಡ್ಡ ಬಂದ. ಪೊಲೀಸರು ಬಂದಾಗ ಗೋದಾಮು ಖಾಲಿ, ವ್ಯಾನೂ ಇಲ್ಲ, ಆ ಇಬ್ಬರೂ ಇಲ್ಲ. ಸಾಹೇಬನೊಬ್ಬ ನೆಲದ ಮೇಲೆ ಕೂತು ಕಾವಲುಗಾರನ ಬಾಯಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದ. ಸತ್ತು ಎಷ್ಟೋ ಹೊತ್ತಾಗಿದ್ದ ಹೆಣದ ಬಾಯನ್ನು! ಇಂಥ ಕಟುಕನನ್ನು ನಾನು ಕಂಡಿಲ್ಲ ಎಂದು ಕೆಳಗಿನ ಕೋರ್ಟಿನ ನ್ಯಾಯಾಧೀಶರು ಬರೆದರು. ಆಮೇಲೆ ಸಿಕ್ಕಿಬಿದ್ದ ವ್ಯಾನಿನವನು, ಎಲ್ಲ ಇವನದೇ ಯೋಜನೆ, ನಾವು ಬರೀ ಗಾಡಿ ಓಡಿಸಿದ್ದು ಎಂದ. ಪೊಲೀಸರು ಸಾಹೇಬನನ್ನು ಕೇಳಿದರು: ನೀನೇ ಯೋಜನೆ ಮಾಡಿದ್ದಾ? ಹೂಂ. ಕೊಲ್ಲಬೇಕು ಅಂತಲೇ ಹಿಡಿದೆಯಾ? ಹೂಂ. ನಕ್ಕ ಬೇರೆ.

ಡಾಕ್ಟರ ವರದಿ ಬಂದ ದಿನ ವಕೀಲೆ ಅಕ್ಕನನ್ನು ಆಫೀಸಿಗೆ ಕರೆಸಿದರು. ಸಣ್ಣ ಕೋಣೆ, ಕಿಟಕಿಯ ಮಟ್ಟದವರೆಗೂ ಕಟ್ಟು ಕಟ್ಟು ಕಾಗದ, ಕುರ್ಚಿಯ ಮೇಲೂ ಕಾಗದ. ವಕೀಲೆ ಕೂರಲು ಹೇಳಲಿಲ್ಲ.

"ಇದು ಹೇಗೆ ಸಾಧ್ಯ? ನಾನು ಗಂಟೆಗಟ್ಟಲೆ ಅವರ ಜೊತೆ ಕೂತಿದೀನಿ. ನಿನ್ನೆ ಯಾವುದು ನಾಳೆ ಯಾವುದು ಅನ್ನೋದೇ ಅವರಿಗೆ ಗೊತ್ತಿಲ್ಲ. ಇವರು ನೋಡಿದ್ರೆ ಎಲ್ಲಾರ ಹಾಗೇ ಇದಾನೆ, ಬುದ್ಧಿಗೇನೂ ಕೊರತೆ ಇಲ್ಲ ಅಂತ ಬರ್ದಿದಾರೆ. ಇದನ್ನ ಇಟ್ಕೊಂಡು ನಾನು ಏನಂತ ವಾದ ಮಾಡ್ಲಿ?"

ಅಕ್ಕ ನೆಲ ನೋಡುತ್ತ ನಿಂತಳು.

"ಹೇಳೀಮ್ಮಾ. ಆ ಕೋಣೇಲಿ ನೀವೂ ಇದ್ರಲ್ಲ?"

"ನನ್ನ ಕೈ ಮೇಡಂ" ಎಂದಳು ಅಕ್ಕ. ವಕೀಲೆಗೆ ಅರ್ಥವಾಗಲಿಲ್ಲ. ಅಕ್ಕ ಕಿವಿ ಮುಟ್ಟಿ ತೋರಿಸಿದಳು, ಮೂಗು ಸವರಿ ತೋರಿಸಿದಳು, ಅಡುಗೆಮನೆಯ ತಾಲೀಮಿನಿಂದ ಹಿಡಿದು ಎಲ್ಲ ಹೇಳಿದಳು. ಅಷ್ಟು ವರ್ಷದ ಗುಟ್ಟು ಬಾಯಿಂದ ಹೊರಗೆ ಬಿದ್ದಾಗ ಅವಳಿಗೆ ಹಗುರವೇನೂ ಆಗಲಿಲ್ಲ, ಬೀದಿಯಲ್ಲಿ ಸೆರಗು ಜಾರಿದ ಹಾಗೆ ನಾಚಿಕೆಯಾಯಿತು.

ವಕೀಲೆ ಹಣೆ ಚಚ್ಚಿಕೊಂಡರು. "ಅಯ್ಯೋ ಪುಣ್ಯಾತ್ಗಿತ್ತೀ! ಇಷ್ಟು ದಿನ ಇದನ್ನ ಹೊಟ್ಟೇಲಿಟ್ಕೊಂಡು ಏನ್ ಮಾಡ್ತಿದ್ರಿ? ಶಾಲೆ ಪಾಸು, ಕೆಲಸ, ವಾಚು, ಪೇಪರು, ಸರ್ಕಾರದ ಕಡೆಯೋರು ತೋರಿಸ್ತಿರೋದೆಲ್ಲ ನೀವೇ ಮಾಡಿದ್ದಾ?"

"ಅವನನ್ನ ಯಾರೂ ಆಡ್ಕೋಬಾರ್ದು ಅಂತ ಮೇಡಂ."

"ಆಡ್ಕೊಳ್ಳೋದಿರಲಿ, ಈಗ ಅವನ ಕೊರಳಿಗೇ ಬಂತಲ್ಲಮ್ಮ." ವಕೀಲೆ ಕುರ್ಚಿಯ ಮೇಲಿನ ಕಾಗದ ತೆಗೆದು ಅವಳನ್ನು ಕೂರಿಸಿ, ದನಿ ತಗ್ಗಿಸಿದರು. "ಈಗ ಹೇಳಿದ್ದನ್ನೇ ಕೋರ್ಟಲ್ಲಿ ಹೇಳ್ಬೇಕು. ಎಲ್ಲರ ಮುಂದೆ. ಅವನ ಮುಂದೆ."

"ಅವನಿಲ್ಲದಾಗ ಹೇಳೋಕಾಗಲ್ವಾ?"

"ಆಗಲ್ಲ."

ಅವತ್ತಿನಿಂದ ಅಕ್ಕನಿಗೆ ಇಸ್ತ್ರಿ ಕೆಲಸದಲ್ಲಿ ಲಕ್ಷ್ಯವಿಲ್ಲ. ಎರಡು ದಿಂಬಿನ ಚೀಲ ಸುಟ್ಟಳು. ಕೈಗಳನ್ನು ನೋಡಿಕೊಂಡರೆ ಬೇರೆ ಯಾರದೋ ಎನಿಸುತ್ತಿತ್ತು.

ಕೋರ್ಟಿನ ಹಿಂದಿನ ದಿನ ಜೈಲಿಗೆ ಹೋದಳು. ಜಾಲರಿಯಾಚೆ ಸಾಹೇಬ ಓಡೋಡಿ ಬಂದ. ವಾಚು, ಪೆನ್ನು ಎಲ್ಲ ಜೈಲಿನವರು ತೆಗೆದಿಟ್ಟುಕೊಂಡಿದ್ದರು. ಅಂಗಿಯ ಗುಂಡಿ ಮಾತ್ರ ಕತ್ತಿನವರೆಗೂ ಹಾಕಿಕೊಂಡಿದ್ದ.

"ಅಕ್ಕಾ, ನಾನು ಪಾಸು! ಗಾರ್ಡಣ್ಣ ಹೇಳ್ದ. ಮನೆಗೆ ಯಾವಾಗ?"

ಆ ಗಾರ್ಡಣ್ಣನ ನಾಲಿಗೆಗೆ ಹುಳ ಬೀಳಲಿ ಎಂದುಕೊಂಡಳು ಅಕ್ಕ. "ನಾಳೆ ಕೋರ್ಟಿಗೆ ಹೋಗ್ಬೇಕು. ಅಲ್ಲಿ ನೀನು ನನ್ನ ಕೈ ನೋಡ್ಬೇಡ ಕಣೋ."

"ಯಾಕೆ?"

"ನಿನಗೆ ಗೊತ್ತಿರೋದನ್ನ ಮಾತ್ರ ಹೇಳು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು."

ಸಾಹೇಬ ಗೊಳ್ಳನೆ ನಕ್ಕ. "ನಂಗೆ ಎಲ್ಲಾ ಗೊತ್ತಲ್ಲ! ನೀನಿದೀಯಲ್ಲ!"

"ಅಲ್ಲಪ್ಪಾ..." ಅಕ್ಕ ಜಾಲರಿಗೆ ಹಣೆ ಹಚ್ಚಿದಳು. "ನಾಳೆ ನಾನು ನಿನ್ನ ಬಗ್ಗೆ ಒಂದು ಮಾತು ಅಂತೀನಿ. ಬೇಜಾರ್ ಮಾಡ್ಕೋಬೇಡ."

"ಒಳ್ಳೇ ಮಾತಾ?"

ಅವಳ ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು. ಸಾಹೇಬ ಸಮಾಧಾನವಾಗಿ ತಲೆಯಾಡಿಸಿದ.

ಕೋರ್ಟಿನ ಹಾಲ್ ದೊಡ್ಡದು, ಬೆಂಚುಗಳು ಗಟ್ಟಿ, ಫ್ಯಾನು ತಿರುಗಿದರೂ ಗಾಳಿ ಕೆಳಗಿಳಿಯುತ್ತಿರಲಿಲ್ಲ. ಅಕ್ಕ ಕೂತ ಬೆಂಚಿನ ಇನ್ನೊಂದು ತುದಿಗೆ ಕಾವಲುಗಾರನ ಹೆಂಡತಿ ಬಂದು ಕೂತಳು. ಒಣಕಲು ಹೆಂಗಸು, ಮಡಿಲಲ್ಲಿ ನೀರಿನ ಬಾಟಲಿ. ಅಕ್ಕ ಸರಿದು ಜಾಗ ಮಾಡಿದಳು. ಆಕೆ ಮುಖ ತಿರುಗಿಸದೆಯೇ ಕೇಳಿದಳು:

"ನಿನ್ನ ತಮ್ಮ ಪೆದ್ದ ಅಂತ ಸಾಬೀತಾದ್ರೆ ನನ್ನ ಗಂಡ ಎದ್ದು ಬರ್ತಾನೇನೇ?"

ಅಷ್ಟರಲ್ಲಿ ಅಕ್ಕನ ಸರದಿ ಕೂಗಿದರು.

ಸಾಕ್ಷಿಯ ಕಟಕಟೆಗೆ ಹತ್ತಿದಾಗ ಎದುರಿಗೆ, ಇಬ್ಬರು ಪೊಲೀಸರ ನಡುವೆ, ಸಾಹೇಬ ಕಾಣಿಸಿದ. ಇವಳನ್ನು ಕಂಡು ಮುಖವರಳಿಸಿ ಕೂತ. ವಕೀಲೆ ಕೇಳಿದರು, "ನಿಮ್ಮ ತಮ್ಮ ಹೇಗಿದ್ದಾರೆ ಅಂತ ನ್ಯಾಯಾಲಯಕ್ಕೆ ನಿಮ್ಮ ಮಾತಲ್ಲೇ ಹೇಳಿ."

"ನನ್ನ ತಮ್ಮ ದಡ್ಡ" ಎಂದಳು ಅಕ್ಕ.

"ಅಕ್ಕಾ!" ಸಾಹೇಬ ಎದ್ದುಬಿಟ್ಟ. ಸಿಟ್ಟಿನಿಂದಲ್ಲ, ಹೆದರಿ. ಬಾಗಿಲ ಕಡೆ ನೋಡಿದ, ಹಿಂದೆ ನೋಡಿದ, ಈಗ ಎಲ್ಲಿಂದಲೋ ಪೊರಕೆ ಬಂದು ಅಕ್ಕನ ಬೆನ್ನಿಗೆ ಬೀಳುತ್ತದೆ ಎಂಬಂತೆ. ಪೊಲೀಸರು ಹೆಗಲು ಒತ್ತಿ ಕೂರಿಸಿದರು. ಅಕ್ಕ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಮ್ಮ, ಶಾಲೆ, ಸನ್ನೆ, ಡಾಕ್ಟರ ಪರೀಕ್ಷೆ, ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಸರ್ಕಾರಿ ವಕೀಲರು ನಿಧಾನವಾಗಿ ಎದ್ದರು. ಒಳ್ಳೆಯ ಮಾತುಗಾರ, ಸಿಟ್ಟೇ ಮಾಡಿಕೊಳ್ಳದವರು. ಅಂಥವರ ಬಗ್ಗೆ ಹುಷಾರಾಗಿರಬೇಕು. "ಎಷ್ಟು ಚೆನ್ನಾಗಿದೆ ಕಥೆ! ವರದಿ ಬರೋ ತನಕ ಈ ಸನ್ನೆ ಎಲ್ಲೂ ಇರಲಿಲ್ಲ. ವರದಿ ಬಂತು, ಸನ್ನೆ ಹುಟ್ಟಿತು. ನಿಜವೇ ಆಗಿದ್ರೆ ಈಗ ತೋರಿಸಲಿ."

ನ್ಯಾಯಾಧೀಶರು ಒಪ್ಪಿದರು. ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುವ ಅಭ್ಯಾಸದವರು. ಸಾಹೇಬನನ್ನು ಮುಂದಕ್ಕೆ ಕರೆಸಿ ನಿಲ್ಲಿಸಿದರು. ಸರ್ಕಾರಿ ವಕೀಲರು ಅಕ್ಕನ ಕಿವಿಯಲ್ಲಿ ಉತ್ತರ ಉಸುರಿ, ಎದುರಿಗೆ ಹೋಗಿ ಪ್ರಶ್ನೆ ಕೇಳಿದರು.

"ನಿಮ್ಮ ಒಂದು ಕೈಗೆ ಎಷ್ಟು ಬೆರಳು?"

ಅಕ್ಕ ಏಳು ಬೆರಳು ಚಾಚಿದಳು. "ಏಳು" ಎಂದ ಸಾಹೇಬ, ಗಟ್ಟಿಯಾಗಿ.

"ನೀವು ಹೆಂಗಸಾ?"

ಕಿವಿ ಮುಟ್ಟಿದಳು. "ಹೌದು."

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಎಲ್ಲರೂ ನಗುವುದನ್ನು ಕಂಡು ಸಾಹೇಬನೂ ನಗೆಗೆ ಸೇರಿಕೊಂಡ. ಇಷ್ಟು ವರ್ಷ ಯಾವ ನಗೆಯಿಂದ ಅವನನ್ನು ಕಾಪಾಡಿದ್ದಳೋ ಆ ನಗೆಯ ನಡುವೆ ಇವತ್ತು ತಾನೇ ಕೈ ಹಿಡಿದು ತಂದು ನಿಲ್ಲಿಸಿದ್ದಳು. ಅಕ್ಕನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಸರ್ಕಾರಿ ವಕೀಲರು ಮಾತ್ರ ನಗಲಿಲ್ಲ. "ಸ್ವಾಮಿ, ಸನ್ನೆ ಇದೆ ಅಂತ ಒಪ್ತೀನಿ. ಆದರೆ ಇಷ್ಟೊಂದು ಸನ್ನೆ ಕಲಿತು, ನೆನಪಿಟ್ಟು, ಊರಿಗೆ ಊರನ್ನೇ ಏಮಾರಿಸಿದವನು ಬುದ್ಧಿ ಇಲ್ಲದವನೇ? ಸುಳ್ಳು ಉತ್ತರ ಹೇಳಿದ್ರೆ ಲಾಭ ಅಂತ ಇವನಿಗೆ ಗೊತ್ತು. ಅಕ್ಕ ಸನ್ನೆ ಮಾಡಿದ್ಲು, ತಮ್ಮ ಬೇಕಂತಲೇ ತಪ್ಪು ಹೇಳ್ದ. ಇಬ್ಬರೂ ಸೇರಿ ಆಡ್ತಿರೋ ನಾಟಕ ಇದು."

ನಗು ನಿಂತಿತು. ಅಕ್ಕ ವಕೀಲೆಯ ಮುಖ ನೋಡಿದಳು. ಆ ಮುಖ ಬಿಳಿಚಿಕೊಂಡಿತ್ತು. ತಾನು ಬಾಯಿ ಬಿಟ್ಟದ್ದೂ ತಮ್ಮನ ಕೊರಳಿಗೇ ಸುತ್ತಿಕೊಂಡಿತಲ್ಲ ಎಂದು ಅವಳಿಗೆ ಹೊಳೆಯಿತು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ನೀವು ಅವನಿಗೆ ಕಾಣೋ ಹಾಗೇ ಇರೀಮ್ಮ. ಕೈ ಕಟ್ಟಿ ಕೂತ್ಕೊಳ್ಳಿ. ಏನೇ ಆದರೂ ಕೈ ಬಿಚ್ಚಬಾರದು. ನಾನೇ ಕೇಳ್ತೀನಿ."

ಅಕ್ಕ ಕೂತಳು. ಎರಡು ಅಂಗೈಗಳನ್ನೂ ಕಂಕುಳಲ್ಲಿ ಇರುಕಿ ಬಿಗಿಯಾಗಿ ಕಟ್ಟಿಕೊಂಡಳು.

"ವಾರಕ್ಕೆ ಎಷ್ಟು ದಿನಪ್ಪಾ?" ನ್ಯಾಯಾಧೀಶರು ಕೇಳಿದರು.

ಸಾಹೇಬ ಅಕ್ಕನನ್ನು ನೋಡಿದ. ಕಾದ. "ಹೂಂ" ಎಂದ.

"ಎಷ್ಟು ದಿನ?"

ಅವನು ಎಡಗೈ ಎತ್ತಿ ವಾಚು ನೋಡಿಕೊಳ್ಳಲು ಹೋದ. ಅಲ್ಲಿ ವಾಚಿರಲಿಲ್ಲ. ಖಾಲಿ ಮಣಿಕಟ್ಟನ್ನೇ ನ್ಯಾಯಾಧೀಶರ ಕಡೆ ಚಾಚಿ, "ನೀವೇ ನೋಡ್ಕೊಳ್ಳಿ" ಎಂದ. ಈ ಸಲ ಯಾರೂ ನಗಲಿಲ್ಲ. ಅವನ ಹಣೆಯಿಂದ ಬೆವರು ಇಳಿಯತೊಡಗಿತು. ಅಕ್ಕನ ಕಿವಿ ನೋಡಿದ, ಮೂಗು ನೋಡಿದ, ಕಟ್ಟಿಕೊಂಡ ಕೈಗಳನ್ನು ನೋಡಿದ. ಕುತ್ತಿಗೆ ಉದ್ದ ಮಾಡಿ ಬಗ್ಗಿ ನೋಡಿದ. ಅಕ್ಕನ ಬೆರಳುಗಳು ಕಂಕುಳಲ್ಲಿ ಮರಿ ಇಲಿಗಳ ಹಾಗೆ ಮಿಸುಕಾಡುತ್ತಿದ್ದವು. ಅವಳು ಉಗುರು ನೆಟ್ಟು ಹಿಡಿದುಕೊಂಡಳು. ಹೇಳಿಕೊಟ್ಟರೆ ಸತ್ತ, ಸುಮ್ಮನಿದ್ದರೆ ಉಳಿದ. ಇಷ್ಟು ಗೊತ್ತಿದ್ದೂ, ನೀರಿನಲ್ಲಿ ಮುಳುಗುತ್ತಿರುವ ಕೂಸನ್ನು ದಡದಲ್ಲಿ ಕೂತು ನೋಡುತ್ತಿರುವ ಪಾಪ ತನ್ನದು ಎನಿಸಿತು ಅವಳಿಗೆ.

"ಅಕ್ಕಾ, ಕೈಗೇನಾಯ್ತು?" ಎಂದ ಸಾಹೇಬ.

ಅವಳು ಕೈಗಳನ್ನು ಇನ್ನೂ ಬಿಗಿಯಾಗಿ ಇರುಕಿಕೊಂಡಳು.

ಅವನು ನ್ಯಾಯಾಧೀಶರ ಕಡೆ ತಿರುಗಿದ. "ಸಾರ್, ನಮ್ಮಕ್ಕನ ಕೈಗೆ ಏನೋ ಆಗಿದೆ. ಡಾಕ್ಟ್ರನ್ನ ಕರೀರಿ. ಪರೀಕ್ಷೆ ಆಮೇಲೆ ಮಾಡಿ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಕೇಳಿದ ದನಿ ಈಗ ಬೇರೆಯಿತ್ತು. "ನಿಮ್ಮಕ್ಕ ಚೆನ್ನಾಗಿದಾರೆ. ನೀನು ನನಗೆ ಒಂದು ಹೇಳು. ಅವತ್ತು ಗೋದಾಮಲ್ಲಿ ಕಾವಲುಗಾರನ ಬಾಯಿ ಹಿಡಿದೆಯಲ್ಲ, ಯಾಕೆ ಹಿಡಿದೆ?"

ಈ ಪ್ರಶ್ನೆಯನ್ನು ಹೀಗೆ ಯಾರೂ ಅವನಿಗೆ ಕೇಳಿರಲಿಲ್ಲ. ಪೊಲೀಸರು, ಕೆಳಗಿನ ಕೋರ್ಟಿನವರು, ಅಷ್ಟೇಕೆ ವಕೀಲೆ ಕೂಡ, ಹೂಂ ಅಥವಾ ಉಹೂಂ ಅನ್ನುವಂಥದ್ದನ್ನೇ ಕೇಳಿದ್ದರು. ಸಾಹೇಬ ಮತ್ತೊಮ್ಮೆ ಅಕ್ಕನ ಕಡೆ ನೋಡಿದ. ಅಲ್ಲಿಂದ ಏನೂ ಬರಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡ.

"ಹಿಡ್ಕೋ ಅಂದ್ರು."

"ಯಾರು?"

"ವ್ಯಾನಿನೋರು. ನಾವು ಬಿಡು ಅನ್ನೋವರೆಗೂ ಬಿಡಬೇಡ ಅಂದ್ರು."

"ಆಮೇಲೆ?"

"ಅನ್ನಲೇ ಇಲ್ಲ" ಎಂದ ಸಾಹೇಬ. "ನಾನು ಕಾಯ್ತಾ ಇದ್ದೆ. ಕೈ ನೋವು ಬಂತು. ಆದ್ರೂ ಬಿಡ್ಲಿಲ್ಲ."

ಕೊನೆಯ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಅಕ್ಕನಿಗೆ ಹಳೆಯದೊಂದು ನೆನಪಾಯಿತು. ಲಾಂಡ್ರಿಯಲ್ಲಿ ಇಬ್ಬರೂ ಹಾಸಿಗೆಯ ಬಟ್ಟೆಯನ್ನು ಎರಡು ತುದಿಗೆ ಹಿಡಿದು ಕೊಡವುವಾಗ ಅವಳು ಬಿಡು ಅನ್ನದೆ ಅವನು ತುದಿ ಬಿಡುತ್ತಿರಲಿಲ್ಲ. ಒಮ್ಮೆ ಯಾರೋ ಕರೆದರೆಂದು ಹೋಗಿ ಮಾತಿಗೆ ಸಿಕ್ಕಿಕೊಂಡಿದ್ದಳು. ತಿರುಗಿ ಬಂದರೆ ಅವನು ಹಾಗೆಯೇ ನಿಂತಿದ್ದ. ಎಂಥ ನಂಬಿಗಸ್ಥ ಎಂದು ಎಲ್ಲರೂ ಹೊಗಳಿದ್ದರು, ಅವಳೂ ಸೇರಿ.

ಬೆಂಚಿನ ತುದಿಯಲ್ಲಿ ನೀರಿನ ಬಾಟಲಿ ಕೆಳಗೆ ಬಿದ್ದು ಉರುಳಿತು. ಕಾವಲುಗಾರನ ಹೆಂಡತಿ ಅದನ್ನು ಎತ್ತಿಕೊಳ್ಳಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ಅವಳ ಗಂಡ ಸತ್ತದ್ದಕ್ಕೆ ಇಲ್ಲಿಯವರೆಗೆ ಒಂದು ಕಾರಣವಾದರೂ ಇತ್ತು. ಈಗ ಅದೂ ಇಲ್ಲವಾಗಿತ್ತು.

ಊಟದ ಬಿಡುವಿನಲ್ಲೂ ಅಕ್ಕ ಕೈ ಬಿಚ್ಚದೆ ಹಾಗೇ ಕೂತಿದ್ದಳು. ಬಿಡುವು ಮುಗಿದ ಮೇಲೆ ನ್ಯಾಯಾಧೀಶರು ಆದೇಶ ಓದಿದರು. ಉದ್ದದ ಆದೇಶ, ಅರ್ಧ ಅಕ್ಕನಿಗೆ ಅರ್ಥವಾಗಲಿಲ್ಲ. ವಕೀಲೆ ಅವಳ ರಟ್ಟೆ ಅದುಮಿ, "ಗಲ್ಲು ಇಲ್ಲ. ಇನ್ನು ಯಾವತ್ತೂ ಇಲ್ಲ. ಜೈಲು ಮಾತ್ರ ಇರುತ್ತೆ, ಅದಕ್ಕೆ ಮುಂದೆ ಹೋರಾಡೋಣ. ಅವನು ಬದುಕಿದ ಕಣ್ರೀ" ಎಂದಾಗಲೇ ಅವಳು ಕಂಕುಳಿಂದ ಕೈ ತೆಗೆದದ್ದು. ಬೆರಳು ಮರಗಟ್ಟಿ ಹೋಗಿದ್ದವು.

ಪೊಲೀಸರು ಸಾಹೇಬನನ್ನು ಕರೆದೊಯ್ಯುವ ಮೊದಲು ಮಾತಾಡಲು ಸ್ವಲ್ಪ ಹೊತ್ತು ಬಿಟ್ಟರು. ಅವನು ಕಟಕಟೆಯ ಕಂಬಿ ಹಿಡಿದು ನಿಂತಿದ್ದ. ತನ್ನನ್ನು ದಡ್ಡ ಅಂದದ್ದಕ್ಕೆ ಅಕ್ಕನನ್ನು ಬಯ್ಯಲಿಲ್ಲ. ಮೊದಲು ಅವಳ ಎರಡೂ ಕೈ ಎಳೆದುಕೊಂಡು, ತಿರುಗಿಸಿ ಮುರುಗಿಸಿ, ಹತ್ತೂ ಬೆರಳು ಒಂದೊಂದಾಗಿ ಮುಟ್ಟಿ ನೋಡಿದ.

"ಅಕ್ಕಾ, ನಾನು ಪಾಸಾ?"

ಅವಳ ಬೆರಳು ಅವನ ಕೈಯೊಳಗೇ ಇದ್ದವು. ಕಿವಿಗೆ ಹೋಗುವಂತಿರಲಿಲ್ಲ, ಮೂಗಿಗೆ ಹೋಗುವಂತಿರಲಿಲ್ಲ. "ಇಲ್ಲ ಕಣೋ" ಎಂದಳು ಬಾಯಿ ಬಿಟ್ಟು. "ಫೇಲಾದೆ."

ಸಾಹೇಬನ ಕೆಳತುಟಿ ಅದುರಿತು. ನಾಲ್ವತ್ತು ದಾಟಿದ ಗಂಡಸು, ಗುಂಡಿ ಹಾಕಿದ ಅಂಗಿಯಲ್ಲಿ ನಿಂತು, ಗಟ್ಟಿ ದನಿ ಬಾರದ ಹಾಗೆ ಅಳತೊಡಗಿದ.

"ಫೇಲಾದ್ರೆ ಹೊಡೀತಾರಾ?"

"ಇಲ್ಲ. ಇನ್ಮೇಲೆ ಯಾರೂ ನಿನಗೆ ಏನೂ ಮಾಡೋ ಹಾಗಿಲ್ಲ."

ಅವನಿಗೆ ನಂಬಿಕೆ ಬರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಅವಳ ಕಿವಿಗೆ ಬಾಯಿ ತಂದ.

"ಅಮ್ಮಂಗೆ ಹೇಳ್ಬೇಡ ಅಕ್ಕಾ."

"ಹೇಳಲ್ಲ" ಎಂದಳು ಅಕ್ಕ.